ಹಿಂದಕ್ಕ ಬರ್ಲಿ, ಬರ್ಲಿ: ಕ್ರೊಯೇಷಿಯಾದ ನಡುಗಡ್ಡಿಗಳಾಗ ನಾವಿಬ್ಬರು

ಊರು ಬಿಡೂಕಿಂತ ಮೊದಲ

ನಮ್ಮ ಓಣ್ಯಾಗ ಈಗ ನನ್ನ ಕಂಡವರೆಲ್ಲಾ ಕೇಳೂದು ಒಂದ ಮಾತು: ‘ಗಿರಿಜಕ್ಕಾ, ಸಮುದ್ರದಾಗ ವಾಂತಿ ಆತೋ ಇಲ್ಲೋ?’ ಆತು. ಎರಡು ಸಲ ಆತು. ಅದನ್ನ ಇಲ್ಲೇ ಹೇಳಿ ಮುಗಿಸೇನಿ, ಮತ್ತ ಯಾರೂ ಕೇಳಬ್ಯಾಡ್ರಿ.

ನಾವು ಹಿರೇಕೆರೂರಿನ ಒಕ್ಕಲುತನದ ಮಂದಿ. ಮೆಕ್ಕಿಜ್ವಾಳ, ಹತ್ತಿ ಬೆಳಿತೇವಿ. ಒಂದು ಟ್ರ್ಯಾಕ್ಟರ್ ಐತಿ, ಒಂದು ಟ್ರಾಲಿ ಐತಿ. ನಾ ಪಿಯುಸಿ ತನಕ ಓದಿದಾಕಿ, ಇಂಗ್ಲಿಷ್ ಒಡಕ ಮುರಕ ಬರತೈತಿ. ನಮ್ಮವರ ಹೆಸರು ಮಾತ್ರ ಕೇಳಬ್ಯಾಡ್ರಿ. ನಾ ಹುಟ್ಟಿ ಬೆಳೆದ ಮನ್ಯಾಗ ಹೆಣ್ಮಕ್ಳು ಗಂಡನ ಹೆಸರು ಬಾಯಿಲೆ ಹೇಳೂದಿಲ್ಲ. ಮೂವತ್ತೊಂದು ವರ್ಷದ ಹಿಂದ ಮದುವಿ ದಿನ ಒಡಪಿನ ಪದದಾಗ ಸೇರಿಸಿ ಒಮ್ಮೆ ಹೇಳಿದ್ದೆ, ಅದ ಮೊದಲು, ಅದ ಕಡಿ. ವಿಮಾನ ಇಳಿದ ಮ್ಯಾಲ ಪಾಸ್‌ಪೋರ್ಟ್ ನೋಡೂ ಸಾಹೇಬ ‘ಗಂಡನ ಹೆಸರೇನು’ ಅಂತ ಕೇಳಿದಾಗ ಹಾಳಿ ಮ್ಯಾಲ ಬಟ್ಟು ಇಟ್ಟು ತೋರಿಸಿದೆ. ಅವ ಮತ್ತ ಕೇಳಿದ. ನಾ ಮತ್ತ ಬಟ್ಟು ಇಟ್ಟೆ. ಇಕಿ ಮೂಕಿ ಅಂತ ತಿಳಿದನೋ ಏನೋ, ಠಸ್ಸಂತ ಶಿಕ್ಕಾ ಒತ್ತಿ ಕಳಿಸಿದ. ನಮ್ಮವರು ಬಾಜೂಕ ನಿಂತು ಮೀಸ್ಯಾಗ ನಗಾಕತ್ತಿದ್ರು.

ನಮ್ಮನ್ನ ಕರೆದವರು ಕ್ರೊಯೇಷಿಯಾದ ವೆಸ್ನಕ್ಕ ಮತ್ತ ಅವರ ಗಂಡ ಯೂರಣ್ಣ. ‘ಅಕ್ಕ’, ‘ಅಣ್ಣ’ ನಾ ಹಚ್ಚಿದ್ದು. ಮೂರು ವರ್ಷದ ಹಿಂದ ಮಳಿಗಾಲದಾಗ ಗುಡಿ, ಶಾಸನ ನೋಡಾಕಂತ ಹಾನಗಲ್ಲ, ಆಡೂರು ಸುತ್ತಿ ಬರಾಕತ್ತಿದ್ರು, ದುಂಡಸಿ ಹತ್ರ ಅವರ ಕಾರು ಕೆಸರಿನಾಗ ಹುಗಿದು ಕುಂತಿತ್ತು. ದುಂಡಸಿ ನನ್ನ ತವರೂರು. ನಾವು ಟ್ರ್ಯಾಕ್ಟರ್ ತಗೊಂಡು ಅಲ್ಲೇ ಇದ್ವಿ. ನಮ್ಮವರು ಹಗ್ಗ ಕಟ್ಟಿ ಎಳೆದು ತಗದ್ರು. ಆಮ್ಯಾಲ ಇಬ್ರೂ ಎರಡು ದಿನ ನಮ್ಮಣ್ಣನ ಮನ್ಯಾಗ ರೊಟ್ಟಿ ಉಂಡು, ಹೋಗುವಾಗ ನನ್ನ ಕೈ ಹಿಡದು, ‘ನಮ್ಮ ದೋಣ್ಯಾಗ ನಿಮ್ಮನ್ನ ಅಡ್ಡಾಡಸ್ತೇವಿ, ಬರಲೇಬೇಕು’ ಅಂದಿದ್ರು. ಹೇಳೂ ಮಾತು ಅಂದ್ಕೊಂಡಿದ್ದೆ. ಖರೇನ ಕರೆದ್ರು.

ನಾ ಹಟ ಹಿಡದು ಹೊಂಟಿದ್ದಕ್ಕ ಕಾರಣ ಬ್ಯಾರೆ ಇತ್ತು. ಹಿರೇಕೆರೂರಿನ ಮಾರ್ಕೆಟ್ ಯಾರ್ಡಿನಾಗ ಟ್ರಾಲಿ ರಿವರ್ಸ್ ಹೊಡಿಯೂದರಾಗ ನಮ್ಮವರನ್ನ ಬಿಟ್ರ ಇನ್ನೊಬ್ರಿಲ್ಲ. ಜಂಬಾ ಅಲ್ರಿ, ಯಾರನ್ನರ ಕೇಳ್ರಿ. ಟ್ರಾಲಿ ಹಿಂದಕ್ಕ ಬಿಡೂ ವಿದ್ಯಾ ಉಲ್ಟಾ: ಟ್ರಾಲಿ ಎಡಕ್ಕ ಹೋಗಬೇಕಂದ್ರ ಸ್ಟೇರಿಂಗ್ ಬಲಕ್ಕ ತಿರವಬೇಕು. ಭಲೇ ಭಲೇ ಡ್ರೈವರ್‌ಗಳು ಬೆವರಿಳಿಸ್ತಾರ. ನಮ್ಮಲ್ಲಿ ಅವರು ಸ್ಟೇರಿಂಗ್, ನಾ ಹಿಂದ. ಆ ಗದ್ದಲದಾಗ ದನಿ ಕೇಳೂದಿಲ್ಲ, ನಾ ಕೈ ಮಾಡಬೇಕು, ಅವರು ಕನ್ನಡಿಯಾಗ ನೋಡಬೇಕು. ಎರಡೂ ಕೈ ಮ್ಯಾಲ ಎತ್ತಿದ್ರ ಹೋಲ್ಡಾನ್, ಅಂದ್ರ ನಿಲ್ಲಸ್ರಿ ಅಂತ. ಮೂವತ್ತು ವರ್ಷ ಹಂಗ ನಡೀತು.

ಹೋದ ಸುಗ್ಗ್ಯಾಗ ಒಂದು ಸಂತಿ ದಿನ ಯಾರ್ಡಿನಾಗ ದುಂಡಸಿಯ ನನ್ನ ಗೆಳತಿ ಕಂಡ್ಲು. ‘ಒಂದ ನಿಮಿಷ’ ಅಂತ ಅಕಿ ಕಡೆ ಹೋದೆ. ಧಡ್ ಅಂತ ಸಪ್ಪಳಾತು. ಟ್ರಾಲಿ ಅಡತಿ ಅಂಗಡಿ ಕಟ್ಟಿ ಒಡದು, ತೂಕದ ಕಾಟಾ ಅಪ್ಪಚ್ಚಿ ಮಾಡಿತ್ತು. ಪುಣ್ಯಾ, ಯಾರಿಗೂ ಏನೂ ಆಗಲಿಲ್ಲ. ಆದ್ರ ಮಂದಿ ನಕ್ಕರು. ‘ಯಜಮಾನ್ರಿಗೆ ವಯಸ್ಸಾತು ಬಿಡ್ರಿ’ ಅಂದ್ರು. ‘ಹೌದು, ತಪ್ಪು ನಂದ’ ಅಂದು ಕೆಳಗ ಇಳಿದವರು ಮತ್ತ ಸ್ಟೇರಿಂಗ್ ಮುಟ್ಟಲಿಲ್ಲ. ಡ್ರೈವರ್ ಇಟ್ವಿ. ಇವರು ಮಡ್‌ಗಾರ್ಡ್ ಮ್ಯಾಲ ಕುಂದ್ರಾಕತ್ರು. ನಾ ಹಿಂದ ಇದ್ದಿದ್ದಿಲ್ಲ ಅನ್ನೂದನ್ನ ಯಾರ ಮುಂದೂ ಬಾಯಿ ಬಿಡಲಿಲ್ಲ, ಅವರ ಮುಂದೂ ಇಲ್ಲ. ಅವರಿಗೆ ಗೊತ್ತಾಗಿಲ್ಲ ಅಂತ ಸುಮ್ಮನಿದ್ದೆ. ಆ ಕೈ ಮತ್ತ ಸ್ಟೇರಿಂಗ್ ಹಿಡಿಯೂ ತನಕ ನನಗ ಉಂಡ ಕೂಳು ಮೈಗೆ ಹತ್ತೂದಿಲ್ಲ ಅನ್ನಿಸಿತ್ತು. ನಗೂ ಮಂದಿಯಿಂದ ನಾಕು ದಿನ ದೂರ ಕರಕೊಂಡು ಹೋಗೂಣು ಅಂತ, ಮುಂಗಾರಿ ಬಿತ್ತಿಗಿ ಇನ್ನೂ ದೂರ ಇರಬೇಕಾದ್ರ ಬ್ಯಾಸಗ್ಯಾಗ ಹೊಂಟ್ವಿ.

ಶಿಬೆನಿಕ್

ದೋಣಿ ಅಂದ್ರ ಬೆಳ್ಳಗ ಹೊಳೆಯೂ ದೊಡ್ಡದು ಇರತೈತಿ ಅಂತ ಅಂದ್ಕೊಂಡಿದ್ದೆ. ಶಿಬೆನಿಕ್ ಅನ್ನೂ ಊರಿನ ದಂಡ್ಯಾಗ ಯೂರಣ್ಣ ತೋರಿಸಿದ್ದು ಕಟಿಗಿದು, ಅವರಪ್ಪನ ಕಾಲದ್ದು, ನೀಲಿ ಬಣ್ಣದ್ದು. ನಡುವ ಸಣ್ಣ ಖೋಲಿ, ಹಿಂದ ಕುಂದ್ರಾಕ ಹಲಗಿ. ಎಂಜಿನ್ ಚಾಲೂ ಮಾಡಿದ ಕೂಡಲೇ ತಕ್ ತಕ್ ತಕ್ ಅಂತು. ನಮ್ಮವರ ಮಾರಿ ಅರಳಿತು.

‘ಏ ಗಿರಿಜಾ, ನಮ್ಮಪ್ಪನ ಕಾಲದ ಡೀಸಲ್ ಪಂಪ್‌ಸೆಟ್ ಹಿಂಗ ಬಡಕೋತಿತ್ತು ನೋಡು.’

ಅದಕ್ಕ ಸ್ಟೇರಿಂಗ್ ಇರಲಿಲ್ಲ. ಹಿಂದ ಮಾರುದ್ದ ಕಟಿಗಿ ಹಿಡಿಕಿ ಇತ್ತು. ನೀರಾಗಿನ ಚುಕ್ಕಾಣಿ ಹಲಗಿಗೆ ಅದನ್ನ ಜೋಡಿಸಿರ್ತಾರ. ಬಂದರ ದಾಟಿದ ಮ್ಯಾಲ ಯೂರಣ್ಣ ‘ಹಿಡೀರಿ’ ಅಂತ ನಮ್ಮವರಿಗೆ ಕೈ ಮಾಡಿದ್ರು. ಇವರು ಬ್ಯಾಡ ಬ್ಯಾಡ ಅಂದ್ರು. ನಾ ಬೆನ್ನಿಗೆ ಬಿದ್ದೆ. ಹಿಡಿದ್ರು. ಬಲಗಡೆ ಒಂದು ಹಳದಿ ಹಾಯಿದೋಣಿ ಬರಾಕತ್ತಿತ್ತು. ಅದರಿಂದ ಎಡಕ್ಕ ಸರಿಯಾಕ ನಮ್ಮವರು ಹಿಡಿಕಿ ಎಡಕ್ಕ ದೂಡಿದ್ರು. ಚುಕ್ಕಾಣಿ ಹಿಡಿಕಿ ಕೆಲಸ ಉಲ್ಟಾ, ಎಡಕ್ಕ ದೂಡಿದ್ರ ದೋಣಿ ಬಲಕ್ಕ ಹೋಗತೈತಿ. ಹೋತು, ಸೀದಾ ಆ ಹಳದಿ ದೋಣಿ ಕಡೆ! ಅದರಾಗಿನ ಹೆಣ್ಮಗಳು ಚಿಟ್ಟನ ಚೀರಿದ್ಲು. ಯೂರಣ್ಣ ಜಿಗಿದು ಹಿಡಿಕಿ ಕಸಕೊಂಡ್ರು.

ವೆಸ್ನಕ್ಕ ‘ಪೊಮಾಲೊ, ಪೊಮಾಲೊ’ ಅಂತ ನಕ್ಕರು. ಆ ಸೀಮ್ಯಾಗ ದಿನಕ್ಕ ನೂರು ಸಲ ಕಿವಿಗೆ ಬೀಳೂ ಮಾತದು. ಸಾವಕಾಶ ಆಗ್ಲಿ, ಗಡಿಬಿಡಿ ಬ್ಯಾಡ ಅಂತ ಅರ್ಥ. ನಮ್ಮವರು ನಗಲಿಲ್ಲ. ‘ಮುಂದಕ್ಕ ಹೋಗುವಾಗೂ ಉಲ್ಟಾ ಅಂದ್ರ ಹೆಂಗ್ರಿ’ ಅಂತ ಒಬ್ಬರ ಗೊಣಗಿ, ದೋಣಿ ಮುಂದಿನ ತುದಿಗೆ ಹೋಗಿ ಎರಡೂ ಕೈ ತೊಡಿ ಕೆಳಗ ಇಟಗೊಂಡು ಕುಂತ್ರು. ಔಷಧಕ್ಕಂತ ಕರಕೊಂಡು ಬಂದು ಗಾಯಾ ಕೆದರಿದಂಗಾತು ಅಂತ ನನಗ ಅಳು ಬಂತು. ಮೊದಲನೇ ವಾಂತಿನೂ ಆವಾಗ ಬಂತು.

ಜ್ಲಾರಿನ್

ಈ ನಡುಗಡ್ಡ್ಯಾಗ ಕಾರಿಲ್ಲ. ಮಂದಿ ಹಡಗಿನಿಂದ ಇಳಿದು ತಮ್ಮ ಸಾಮಾನು ಕೈಗಾಡ್ಯಾಗ ಹೇರಿಕೊಂಡು ಮನಿಗೆ ನೂಕಿಕೊಂಡು ಹೋಗ್ತಾರ. ಸಾಹೇಬನೂ ನೂಕಬೇಕು, ಸಾಹೇಬನ ಹೇಂತೀನೂ ನೂಕಬೇಕು. ನನಗ ಬಾಳ ಪಸಂದ ಬಿತ್ತು. ಮಧ್ಯಾಹ್ನ ಉಂಡ ಮ್ಯಾಲ ಇಡೀ ಊರು ಕಿಟಕಿ ಹಾಕ್ಕೊಂಡು ಮಲಗತೈತಿ. ನಾ ಆ ಹೊತ್ತಿನಾಗ ಸೀರಿ ಒಗದು ಝಾಡಿಸಿದೆ. ಬಾಜೂ ಮನಿ ಮುದುಕಿ ಕಿಟಕಿ ತಗದು ತುಟಿ ಮ್ಯಾಲ ಬಟ್ಟು ಇಟ್ಲು. ನಮ್ಮ ಓಣ್ಯಾಗ ಮಧ್ಯಾಹ್ನ ಹಿಟ್ಟಿನ ಗಿರಣಿ ನಡದ್ರೂ ಯಾರೂ ಕೇಳೂದಿಲ್ಲ. ಇಲ್ಲಿ ಒಂದು ಸೀರಿ ಸಪ್ಪಳಕ್ಕ ಬೈಸಿಕೊಂಡೆ.

ಊಟದ್ದು ಹೇಳಬೇಕಂದ್ರ, ನಾವು ಲಿಂಗಾ ಕಟ್ಟಿದ ಮಂದಿ, ಮೀನು ಮುಟ್ಟೂದಿಲ್ಲ. ಆ ಸೀಮ್ಯಾಗ ಮೀನಿಲ್ಲದ ಮನಿನ ಇಲ್ಲ. ನಾ ಒಂದು ಡಬ್ಬಿ ತುಂಬ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ದಿದ್ದೆ. ವೆಸ್ನಕ್ಕ ಒಂದು ಜಾತಿ ಸೊಪ್ಪಿಗೆ ಆಲೂಗಡ್ಡಿ, ಬಳ್ಳೊಳ್ಳಿ ಹಾಕಿ ಪಲ್ಲೆ ಮಾಡಿದ್ರು. ರೊಟ್ಟಿ ಜೋಡಿ ಹೊಂದಿಕೊಂತು. ಯೂರಣ್ಣ ಚಟ್ನಿ ತಿಂದು ಕಣ್ಣಾಗ ನೀರು ತಂದ್ಕೊಂಡು ಮತ್ತ ಹಾಕಿಸಿಕೊಂಡ್ರು. ಹದಿನೈದು ದಿನದ ರೊಟ್ಟಿ ಕೆಟ್ಟಿಲ್ಲ ಅಂದಾಗ ಅವರು ರೊಟ್ಟಿ ಬೆಳಕಿಗೆ ಹಿಡದು ನೋಡಿದ್ದು ನೋಡಬೇಕಿತ್ತು.

ಸಂಜೀಕ ಬಂದರದ ಕಟ್ಟಿ ಮ್ಯಾಲಿನ ಕಾಫಿ ಅಂಗಡ್ಯಾಗ ಇಡೀ ಊರು ಕೂಡತೈತಿ, ಒಂದು ಸಣ್ಣ ಕಪ್ ಕಾಫಿ ಎರಡು ತಾಸು ಕುಡೀತಾರ. ಯಾಕ ಕುಂತಾರ ಅಂತ ಆಮ್ಯಾಲ ತಿಳೀತು. ಹೊರಗಿನ ದೋಣಿಗೋಳು ಬರೂ ಹೊತ್ತದು. ಅಲ್ಲಿ ದೋಣಿ ಹಿಂದಕ್ಕ ಬಿಟ್ಟು ಕಟ್ಟಿಗೆ ಬೆನ್ನು ಹಚ್ಚಿ ನಿಂದ್ರಿಸಬೇಕು. ಎರಡು ಕಡೆ ಬ್ಯಾರೆ ದೋಣಿ, ನಡುವ ಇಷ್ಟ ಇಷ್ಟು ಜಾಗ. ಗಂಡ ಚುಕ್ಕಾಣಿ, ಹೇಂತಿ ಹಗ್ಗ. ಅವ ‘ಎಡಕ್ಕ’ ಅಂತಾನ, ಅಕಿ ‘ನನಗೇನ್ ಒದರತಿ’ ಅಂತಾಳ, ಒಬ್ಬಾಕಿ ಹಗ್ಗ ಗಂಡನ ಮಾರಿ ಮ್ಯಾಲ ಒಗದು ಒಳಗ ಹೋಗೇಬಿಟ್ಲು. ಭಾಷೆ ತಿಳೀಲಿಲ್ಲ, ಜಗಳ ಪೂರಾ ತಿಳೀತು. ಕಟ್ಟಿ ಮಂದಿಗೆ ಪುಕ್ಕಟ ನಾಟಕ. ನಮ್ಮ ಬಸ್‌ಸ್ಟ್ಯಾಂಡಿನ ಕಟ್ಟಿ ಮ್ಯಾಲ ಕುಂದ್ರೂ ಮಂದಿನ ಇವರು, ಅಂಗಿ ಅಷ್ಟ ಬ್ಯಾರೆ.

‘ಗಂಡ ಹೇಂತಿ ಹೆಂಗ ಬಾಳೇ ಮಾಡ್ಯಾರ ಅನ್ನೂದು ಇಲ್ಲಿ ಗೊತ್ತಾಗತೈತಿ’ ಅಂದ್ರು ವೆಸ್ನಕ್ಕ.

ನಮ್ಮವರು ಆ ದೋಣಿಗೋಳನ್ನ ಕಣ್ಣು ಮಿಟುಕಿಸದ ನೋಡಾಕತ್ತಿದ್ರು. ನಮ್ಮಂಗ ಕಟಿಗಿ ಹಿಡಿಕಿ ಇದ್ದ ಒಂದು ದೋಣಿ ಹಿಂದಕ್ಕ ಬಂತು. ಹಿಡಿಕಿ ಬಲಕ್ಕ ಹೋತು, ದೋಣಿ ಬೆನ್ನು ಎಡಕ್ಕ ಬಂತು.

‘ಅಲ್ಲಾ ಗಿರಿಜಾ,’ ಅಂದ್ರು ಸಣ್ಣ ದನೀಲೆ, ‘ಹಿಂದಕ್ಕ ಬರುವಾಗ ಇದು ನಮ್ಮ ಟ್ರಾಲಿನ ಆತಲ್ಲ.’

ಆ ಸುಗ್ಗಿ ಆದ ಮ್ಯಾಲ ಅವರ ಬಾಯಾಗ ಟ್ರಾಲಿ ಅನ್ನೂ ಶಬ್ದ ಬಂದಿದ್ದು ಅದ ಮೊದಲು. ಕಾಫಿ ಕಪ್ ನೋಡಿಕೋಂತ ಕುಂತೆ.

ಪ್ರ್ವಿಚ್

ಈ ಊರಿನ ಹೆಸರು ಹೇಳಾಕ ನಾಲಿಗಿ ಹೊರಳೂದಿಲ್ಲ. ನಮ್ಮವರು ‘ಪರ್ವತ’ ಅಂತಿದ್ರು, ವೆಸ್ನಕ್ಕ ತಿದ್ದಿ ತಿದ್ದಿ ಸಾಕಾಗಿ ಬಿಟ್ರು. ಮನಿಗೋಳು ಪೂರಾ ಕಲ್ಲಿನವು. ಗೋಡಿಗೆ ಅಂಟಿಕೊಂಡು ಅಂಜೂರದ ಗಿಡ. ಹೊಲದ ಬದಕ್ಕೂ ಮಣ್ಣು ಗಾರಿ ಇಲ್ಲದ ಬರೇ ಕಲ್ಲು ಪೇರಿಸಿ ಗ್ವಾಡಿ ಕಟ್ಯಾರ. ಕಲ್ಲು ಆರಿಸಿ ತಗದ ಮ್ಯಾಲ ಉಳಿದ ಮಣ್ಣು ಒಂದು ಬುಟ್ಟಿ. ಅದರಾಗ ಆಲಿವ್ ಗಿಡ ಹಚ್ಯಾರ. ನಮ್ಮ ಹೊಲ ನೋಡಿದ್ರ ಇವರು ಅತ್ತುಬಿಡ್ತಾರ ಅಂತ ನಮ್ಮವರು ಬಗ್ಗಿ ಮಣ್ಣು ಮುಟ್ಟಿ ಮುಟ್ಟಿ ನೋಡಿದ್ರು.

ಅಲ್ಲಿಂದ ಹೊಂಡೂ ದಿನ ಮುಂಜಾನೆ ಯೂರಣ್ಣ ಪಾವಟಿಗಿ ಮ್ಯಾಲಿನ ಪಾಚ್ಯಾಗ ಜಾರಿ ಬಿದ್ರು. ಬಲಗೈ ಮಣಿಕಟ್ಟು ಬಾತು ಬದನಿಕಾಯಿ ಆತು. ನರ್ಸ್ ಬಂದು ಪಟ್ಟಿ ಬಿಗಿದು, ಮುರಿದಿಲ್ಲ, ಆದ್ರ ಎಂಟು ದಿನ ಈ ಕೈಯಾಗ ಏನೂ ಹಿಡಿಯೂಹಂಗಿಲ್ಲ ಅಂದ್ಲು. ಕೈ ನೋವಿಗಿಂತ ಹೆಚ್ಚಿನ ನೋವು ಬ್ಯಾರೆ ಇತ್ತು. ಮುಂದಿನ ಬಂದರ ಕಾಪ್ರಿಯೆ, ಯೂರಣ್ಣನ ಹುಟ್ಟೂರು. ವೆಸ್ನಕ್ಕಗ ದೋಣಿ ಮುಂದಕ್ಕ ನಡಸಾಕ ಬರತೈತಿ, ಹಿಂದಕ್ಕ ಬಿಟ್ಟು ಕಟ್ಟಿಗೆ ಹಚ್ಚಾಕ ಬರೂದಿಲ್ಲ. ನಲವತ್ತು ವರ್ಷ ಅವರ ಕೆಲಸ ಮುಂದಿನ ತುದ್ಯಾಗ ಲಂಗರು ಬಿಡೂದು.

‘ಯಾರಿಗರ ಫೋನ್ ಮಾಡೂಣು, ಅವರ ದೋಣಿಗೆ ಕಟ್ಟಿ ಎಳಕೊಂಡು ಹೋಗ್ತಾರ’ ಅಂದ್ರು ವೆಸ್ನಕ್ಕ.

ಯೂರಣ್ಣ ಮಾರಿ ತಿರುವಿದ್ರು. ‘ನಮ್ಮಪ್ಪನ ದೋಣಿ. ನಮ್ಮೂರಿನ ಕಟ್ಟಿ. ಇಡೀ ಊರು ಕಾಫಿ ಕುಡಕೋಂತ ನೋಡತಿರತೈತಿ. ಎಳಸಿಕೊಂಡು ಹೋಗ್ಲೇನು?’

ಇಂಗ್ಲಿಷಿನಾಗ ಅಂದ ಮಾತು. ನಾ ಅದನ್ನ ನಮ್ಮವರಿಗೆ ಕನ್ನಡದಾಗ ಹೇಳಿದೆ. ಹೇಳೂ ಮುಂದ ಅವರ ಮಾರಿ ನೋಡಿದೆ. ಆ ಮಾತು ಅವರಿಗೆ ನಾಟಿತು. ಯಾರ್ಡಿನಾಗ ನಕ್ಕ ಮಂದಿ ಅವರ ಕಣ್ಣ ಮುಂದ ಬಂದಿರಬೇಕು.

‘ನಾ ಹಿಡಿತೇನಿ’ ಅಂದ್ರು. ‘ಹಿಂದಕ್ಕ ಅಷ್ಟ. ಮುಂದಕ್ಕ ವೆಸ್ನಕ್ಕ ನಡಸಲಿ. ಆದ್ರ ಗಿರಿಜಾ, ನೀ ಮೊದಲ ಕಟ್ಟಿ ಮ್ಯಾಲ ಇಳಿದು ನನ್ನ ಹಿಂದ ನಿಂದ್ರಬೇಕು. ಈ ಸಲ ಎಲ್ಲೂ ಹೋಗಬ್ಯಾಡ.’

ಈ ಸಲ ಅಂದ್ರು. ಆವತ್ತು ನಾ ಹಿಂದ ಇರಲಿಲ್ಲ ಅನ್ನೂದು ಇವರಿಗೆ ಗೊತ್ತೈತಿ. ಮೊದಲಿಂದ ಗೊತ್ತೈತಿ.

ಕಾಪ್ರಿಯೆ

ದಾರಿ ತುಂಬ ನನಗ ಸಮುದ್ರ ಕಾಣಲೇ ಇಲ್ಲ. ಎರಡನೇ ವಾಂತಿ ಆತು. ನಮ್ಮವರು ಹಿಂದಿನ ಹಲಗಿ ಮ್ಯಾಲ ಯೂರಣ್ಣನ ಬಾಜೂಕ ಕುಂತು ಕೈಸನ್ನಿಯಾಗ ಮಾತಾಡಾಕತ್ತಿದ್ರು: ಗೇರ್ ಎಲ್ಲಿ, ಎಕ್ಸಿಲೇಟರ್ ಎಷ್ಟು, ಗಾಳಿ ಯಾವ ಕಡೆದು. ಇಬ್ರಿಗೂ ಒಬ್ರ ಭಾಷೆ ಒಬ್ರಿಗೆ ಬರೂದಿಲ್ಲ. ಎಂಜಿನ್ ಇತ್ತಲ್ಲ, ಸಾಕಾತು.

ಸಂಜೀಕ ಕಾಪ್ರಿಯೆ ಬಂತು. ವೆಸ್ನಕ್ಕ ಕಟ್ಟಿಯ ಖಾಲಿ ತುದಿಗೆ ದೋಣಿ ಮೂತಿ ತಾಗಿಸಿ ನನಗ ‘ಜಿಗಿ’ ಅಂದ್ರು. ನಾ ಹುಟ್ಟಿ ಬೆಳೆದಿದ್ದು ಒಣ ನೆಲದಾಗ, ಕೆರಿ ಪಾವಟಿಗಿ ಇಳಿಯಾಕೂ ಯಾರದರ ಕೈ ಹಿಡಿಯಾಕಿ. ಸೀರಿ ನಿರಗಿ ಎತ್ತಿ ಕಟ್ಟಿ, ‘ಯಪ್ಪಾ ಬಸವಣ್ಣಾ’ ಅಂದು ಜಿಗಿದೆ. ಮೊಣಕಾಲು ತರಚಿತು. ನಿಂದ್ರಲಿಲ್ಲ, ಕಾಫಿ ಅಂಗಡಿ ಮುಂದಿಂದ ಓಡಿದೆ. ಕೆಂಪು ಇಳಕಲ್ ಸೀರಿ ಉಟ್ಟಾಕಿ ಓಡೂದು ನೋಡಿ ಮಂದಿ ಕಪ್ ಕೆಳಗಿಟ್ರು. ಎರಡು ಬಿಳಿ ದೋಣಿ ನಡುವ ಒಂದು ಸಂದಿ ಇತ್ತು. ಅದರ ನಡು ಮಧ್ಯಾ ಕಟ್ಟಿ ಅಂಚಿಗೆ ನಿಂತೆ. ಕೆಳಗ ನೀರಿನಾಗ ಕಟ್ಟಿಯ ಕಲ್ಲು ಒಂದು ಮೊಳ ಹೊರಗ ಚಾಚಿತ್ತು. ಅದು ದೋಣಿ ಮ್ಯಾಲ ಇದ್ದವರಿಗೆ ಕಾಣೂದಿಲ್ಲ, ನನಗ ಕಾಣತಿತ್ತು.

ದೂರದಾಗ ವೆಸ್ನಕ್ಕ ಮುಂದ ಹೋಗಿ ಲಂಗರು ಬಿಟ್ರು. ನಮ್ಮವರು ಹಿಡಿಕಿ ಹಿಡಿದು ನನ್ನ ಕಡೆ ತಿರುಗಿ ನಿಂತ್ರು. ಮುಳಗೂ ಸೂರ್ಯಾ ಅವರ ಕಣ್ಣಿಗೆ ಸೀದಾ ಹೊಡಿಯಾಕತ್ತಿತ್ತು. ನಾ ಕೈ ಎತ್ತಿದೆ.

‘ಬರ್ಲಿ!’

ತಕ್ ತಕ್ ತಕ್ ಅಂತ ಬೆನ್ನು ಹಾಕಿಕೊಂಡು ಬಂತು ದೋಣಿ. ‘ಬರ್ಲಿ, ಬರ್ಲಿ, ಬರ್ಲಿ...’ ಗಾಳಿ ಅದನ್ನ ನನ್ನ ಬಲಗಡೆ ಬಿಳಿ ದೋಣಿ ಕಡೆ ದೂಡಾಕತ್ತು. ನಾ ಎಡಗೈ ಬೀಸಿದೆ. ಅವರು ಹಿಡಿಕಿ ಬಲಕ್ಕ ತಂದ್ರು. ವಿಚಾರ ಮಾಡಲಿಲ್ಲ, ಗಡಿಬಿಡಿ ಇಲ್ಲ, ಯಾರ್ಡಿನಾಗ ಮಾಡ್ತಿದ್ದಂಗ ಕೈ ತಾನ ಹೋತು. ಬೆನ್ನು ಎಡಕ್ಕ ಬಂದು ಸಂದಿ ನಡುವ ಕುಂತಿತು.

ಆವಾಗ ನೋಡ್ರಿ, ಬಾಜೂಕ ಒಬ್ಬಾಕಿ ಪ್ರವಾಸಿ ಹೆಣ್ಮಗಳು ಬಂದು ನನ್ನ ಸೀರಿ ಸೆರಗು ಮುಟ್ಟಿ, ನಕ್ಕೋಂತ, ಜೋಡೀಲೆ ಒಂದು ಫೋಟೋ ಅಂತ ಕೇಳಬೇಕೇನು! ಕಡಿಮಿ ಅಂದ್ರೂ ಎರಡು ಸಲ ‘ಮೇಡಂ, ಮೇಡಂ’ ಅಂದ್ಲು. ಕತ್ತು ತಿರವಲಿಲ್ಲ.

‘ತಡಿಯವ್ವಾ, ಹಿಂದ ಗಾಡಿ ಬರಾಕತ್ತೈತಿ!’ ಅಂತ ಕನ್ನಡದಾಗ ಗುಡುಗಿದೆ. ಅಕಿ ನಾಕು ಹೆಜ್ಜಿ ಹಿಂದ ಹಾರಿದ್ಲು.

‘ಬರ್ಲಿ... ಬರ್ಲಿ... ಸಾವಕಾಶ...’ ನೀರಾಗಿನ ಕಲ್ಲಿಗೂ ದೋಣಿಗೂ ಒಂದು ಗೇಣು ಉಳೀತು. ಎರಡೂ ಕೈ ಮ್ಯಾಲ ಎತ್ತಿದೆ. ‘ಹೋಲ್ಡಾನ್!’

ನಿಂತಿತು. ಬಾಜೂ ದೋಣಿಗೆ ಒಂದು ಗೀರು ಇಲ್ಲ, ಕಟ್ಟಿಗೆ ಒಂದು ತಾಕು ಇಲ್ಲ. ಗಂಡ ಹೇಂತಿ ನಡುವ ಒಂದು ಬೈಗುಳ ಇಲ್ಲ. ನಾಟಕ ನೋಡಾಕ ಕುಂತ ಮಂದಿಗೆ ಆವತ್ತು ಮೋಸ ಆತು.

ಯೂರಣ್ಣ ಒಳ್ಳೇ ಕೈಯಿಂದ ನಮ್ಮವರ ಹೆಗಲು ಒತ್ತಿ ಹಿಡದ್ರು. ನಮ್ಮವರು ಹಗ್ಗ ಒಗದ್ರು, ನಾ ಕಬ್ಬಿಣದ ಗೂಟಕ್ಕ ಸುತ್ತಿದೆ. ಕೆಳಗಿಳಿದು ಗಂಟು ಬಿಗಿಯಾಕ ಬಂದ್ರು. ಇಬ್ರೂ ಬಗ್ಗಿ ಹಗ್ಗ ಹಿಡಿದಾಗ ನಾ ಕೇಳಿದೆ.

‘ಆವತ್ತು ಯಾರ್ಡಿನಾಗ ನಾ ಇರಲಿಲ್ಲ ಅನ್ನೂದು ನಿಮಗ ಗೊತ್ತಿತ್ತೇನ್ರಿ?’

‘ಕನ್ನಡಿಯಾಗ ನೀ ಕಾಣಲಿಲ್ಲ’ ಅಂದ್ರು. ‘ಕಾಣಲಾರದ್ದಕ್ಕ ನಿಲ್ಲಿಸಬೇಕಿತ್ತು. ನಾ ಬಿಟ್ಟೆ. ತಪ್ಪು ನಂದ.’

‘ಅಷ್ಟು ಮಂದಿ ನಗೂ ಮುಂದ ಹೇಳಬೇಕಿಲ್ಲೇನು, ಇಕಿ ಹಿಂದ ಇರಲಿಲ್ಲಂತ?’

‘ಹೇಳಿದ್ರ ನಿನ್ನ ಹೆಸರು ಮಂದಿ ಬಾಯಾಗ ಬೀಳತಿತ್ತು’ ಅಂದು ಗಂಟು ಜಗ್ಗಿ ನೋಡಿದ್ರು. ‘ಬಿಗಿ ಆತು ನೋಡು.’

ಒಂದು ಸುಗ್ಗಿಯಿಂದ ಮಂದಿ ನಗಿ ಒಬ್ರ ಹೊತ್ತುಕೊಂಡು ಮಡ್‌ಗಾರ್ಡ್ ಮ್ಯಾಲ ಕುಂತಿದ್ರು, ನನ್ನ ಹೆಸರು ಕಾಯಾಕಂತ. ಕಣ್ಣೀರು ದಳದಳ ಸುರದುವು, ಒರಸಿಕೊಳ್ಳಲಿಲ್ಲ.

ಅಷ್ಟರಾಗ ಕಾಫಿ ಅಂಗಡ್ಯಾಗಿಂದ ಒಬ್ಬ ಮುದುಕ ಕೋಲು ಊರಿಕೋಂತ ಬಂದ. ಯೂರಣ್ಣನ ಅಪ್ಪನ ಗೆಳೆಯನಂತ, ಆ ಬಂದರದಾಗ ಅವನ ಮಾತು ಅಂದ್ರ ಮಾತಂತ. ದೋಣಿ ನೋಡಿದ, ಎರಡೂ ಕಡೆ ಸಂದಿ ನೋಡಿದ, ಯೂರಣ್ಣನ ಪಟ್ಟಿ ಕಟ್ಟಿದ ಕೈ ನೋಡಿದ. ಏನೋ ಕೇಳಿದ.

‘ಇದನ್ನ ಯಾರು ತಂದ್ರು ಅಂತ ಕೇಳಾಕತ್ತಾನ’ ಅಂದ್ರು ವೆಸ್ನಕ್ಕ. ‘ಹೆಸರು ಬೇಕಂತ. ನನಗೂ ಗೊತ್ತಿಲ್ಲ ನೋಡು, ಮೂರು ವರ್ಷದಿಂದ ನೀ ಕಲಿಸಿದಂಗ ಯಜಮಾನ್ ಅಂತ ಕರಿಯಾಕತ್ತೇನಿ.’

ನಮ್ಮವರು ಮುಂದ ಬಂದು ತಾವ ಹೇಳಾಕ ಬಾಯಿ ತಗದ್ರು. ನಾ ಅವರ ಎದಿಗೆ ಕೈ ಅಡ್ಡ ಇಟ್ಟೆ.

‘ಚನಬಸಪ್ಪ’ ಅಂದೆ. ಕಾಫಿ ಅಂಗಡಿ ಕಡೀ ಟೇಬಲ್ಲಿಗೂ ಕೇಳೂಹಂಗ ಅಂದೆ. ‘ನನ್ನ ಗಂಡ. ಚನಬಸಪ್ಪ, ಹಿರೇಕೆರೂರು.’

ನಮ್ಮವರು ಮದುವಿ ಮನಿಯ ಮದಮಗನಂಗ ಕೆಂಪಗಾಗಿ ನೆಲ ನೋಡಿದ್ರು. ಮುದುಕಗ ನಾಲಿಗಿ ಹೊರಳಲಿಲ್ಲ, ಕಿವಿಗೆ ಕೈ ಹಚ್ಚಿ ಮತ್ತೊಮ್ಮೆ ಅಂದ. ಮತ್ತೊಮ್ಮೆ ಹೇಳಿದೆ. ಇನ್ನೊಮ್ಮೆ ಅಂದ. ಇನ್ನೊಮ್ಮೆ ಹೇಳಿದೆ. ನಾಕನೇ ಸಲ ಅವ ಕೇಳಲಿಲ್ಲ. ಆದ್ರೂ ಹೇಳಿದೆ.